ಬೆಳಗಾವಿಗೆ ಸೂಜಿಗೆ ಹೋದ ಬೇಸಿಗೆ

ಉದ್ಯಮಬಾಗದ ಫೌಂಡ್ರಿಯಲ್ಲಿ ಕೆಲಸ ಮಾಡುವ ನನ್ನ ಮೊಮ್ಮಗ ಹೋದ ವಾರ ಒಂದು ಕೆಂಪು ಸಾಬೂನು ತಂದು ಬಚ್ಚಲಲ್ಲಿಟ್ಟ. ಕೈಗೆ ಹತ್ತಿದ ಎಣ್ಣೆ, ಮಸಿ ಹೋಗಲೆಂದು ಕಾರ್ಖಾನೆಯವರೇ ಕೊಡುತ್ತಾರಂತೆ. ಮರುದಿನ ಮುಂಜಾನೆ ಮುಖ ತೊಳೆಯಲು ಹೋದವಳು ಬಚ್ಚಲ ಬಾಗಿಲಲ್ಲೇ ನಿಂತುಬಿಟ್ಟೆ. ಕಾರ್ಬಾಲಿಕ್ ವಾಸನೆ. ಸೊಸೆ ಬಂದು, ತಲೆ ತಿರುಗುತ್ತಿದೆಯೇ ಎಂದು ಕೇಳಿದಳು. ಏನಿಲ್ಲ ಎಂದೆ. ಆದರೆ ನಾನು ಆಗ ಬೆಳಗಾವಿ ಟಿಳಕವಾಡಿಯ ಈ ಮನೆಯಲ್ಲಿ ಇರಲಿಲ್ಲ. ಖಾನಾಪುರದ ದವಾಖಾನೆಯ ಬಾಕಿನ ಮೇಲೆ, ಬಲಗೈ ಮುಂದೆ ಚಾಚಿಕೊಂಡು ಕುಳಿತಿದ್ದೆ.

ಇಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನನಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಹೊಟ್ಟೆಯಲ್ಲಿ ಮೊದಲ ಕೂಸಿತ್ತು; ಅದು ಮಿಸುಕಾಡಲು ಸುರುಮಾಡಿ ಕೆಲವೇ ದಿನಗಳಾಗಿದ್ದವು.

ನಮ್ಮವರು ಖಾನಾಪುರ ಸ್ಟೇಶನ್ನಿನ ಬಾಜೂ ಇದ್ದ ಒಂದು ಕಟ್ಟಿಗೆ ವಖಾರದಲ್ಲಿ ಕಾರಕೂನರಾಗಿದ್ದರು. ಕಾಡಿನಿಂದ ಚಕ್ಕಡಿಗಳಲ್ಲಿ ಬರುವ ಸಾಗವಾನಿ, ಮತ್ತಿ ದಿಮ್ಮಿಗಳನ್ನು ಅಳೆಯಿಸಿ, ಗುರುತು ಹೊಡೆಸಿ, ರೈಲಿಗೆ ಏರಿಸುವವರೆಗಿನ ಉಸ್ತುವಾರಿ ಅವರದು. ವಖಾರದ ಹಿಂದೆಯೇ ನಮ್ಮ ಮನೆ. ಮನೆಯಲ್ಲಿ ನಾವಿಬ್ಬರು ಮತ್ತು ನಮ್ಮ ಅತ್ತೆ ನಿಂಗವ್ವ. ಅತ್ತೆ ಬೈಲಹೊಂಗಲದ ಕಡೆಯವರು. ಖಾನಾಪುರಕ್ಕೆ ಬಂದು ಎಷ್ಟೋ ವರ್ಷಗಳಾಗಿದ್ದರೂ ಮರಾಠಿ ಅವರ ಕಿವಿಗೆ ಬಂದಿತ್ತೇ ಹೊರತು ನಾಲಿಗೆಗೆ ಬಂದಿರಲಿಲ್ಲ. ಮಂದಿ ಮರಾಠಿಯಲ್ಲಿ ಕೇಳುತ್ತಿದ್ದರು, ಇವರು ಕನ್ನಡದಲ್ಲಿ ಹೇಳುತ್ತಿದ್ದರು, ವ್ಯವಹಾರಕ್ಕೇನೂ ಅಡ್ಡಿಯಾಗುತ್ತಿರಲಿಲ್ಲ.

ವಖಾರದಲ್ಲಿ ಬಾಳ್ಯಾ ಎಂಬ ಕಂದು ನಾಯಿಯೊಂದಿತ್ತು. ಮಧ್ಯಾಹ್ನ ನಮ್ಮ ಊಟ ಮುಗಿಯುವ ಹೊತ್ತಿಗೆ ಹಿತ್ತಲ ಬಾಗಿಲಿಗೆ ಬಂದು ಕೂಡುತ್ತಿತ್ತು. ನಾನು ರೊಟ್ಟಿಯ ಚೂರನ್ನು ಕೈಯಿಂದಲೇ ಕೊಡುತ್ತಿದ್ದೆ, ಅದು ಹಲ್ಲು ತಾಗಿಸದೆ ತೆಗೆದುಕೊಳ್ಳುತ್ತಿತ್ತು. ಹೋಳಿ ಹುಣ್ಣಿಮೆ ಮುಗಿದ ಮೇಲೆ ಅದು ನಾಲ್ಕಾರು ದಿನ ಬರಲಿಲ್ಲ. ದಿಮ್ಮಿಗಳ ಸಂದಿಯಲ್ಲಿ ಬಿದ್ದುಕೊಂಡಿರುತ್ತದೆ, ದನಿ ಒಡೆದಿದೆ ಎಂದು ವಖಾರದ ಆಳುಗಳು ಹೇಳಿದ್ದರು. ಹೋಳಿಯಲ್ಲಿ ಹುಡುಗರು ಹೊಡೆದಿರಬೇಕೆಂದು ನಾವು ಅಂದುಕೊಂಡೆವು. ಒಂದು ಮಧ್ಯಾಹ್ನ ಅದು ಬಂದು ನಿಂತಿತು. ನಾನು ರೊಟ್ಟಿ ಚಾಚಿದೆ. ಅದು ರೊಟ್ಟಿಯನ್ನು ನೋಡಲಿಲ್ಲ. ನನ್ನನ್ನೂ ಗುರುತಿದ್ದಂತೆ ನೋಡಲಿಲ್ಲ. ಮಣಿಕಟ್ಟಿಗೆ ಬಾಯಿ ಹಾಕಿ, ಒಮ್ಮೆ ಜಗ್ಗಿ, ಬಿಟ್ಟು ಓಡಿತು.

ಅಲ್ಲಿಂದ ಅದು ಸ್ಟೇಶನ್ನಿನ ಮುಂದೆ ಹೋಯಿತು. ಟಾಂಗಾ ಹೊಡೆಯುವ ಖಾದರಸಾಬರು ಕುದುರೆಗೆ ಹುಲ್ಲು ಹಾಕುತ್ತಿದ್ದರು. ಅವರ ಮೀನಖಂಡಕ್ಕೆ ಕಚ್ಚಿತು. ಮುಂದೆ ಕುಂಬಾರ ಗಲ್ಲಿಗೆ ನುಗ್ಗಿತು. ಅಲ್ಲಿ ಮಕ್ಕಳು ಆಡುತ್ತಿದ್ದರು. ಸಖೂಬಾಯಿಯ ಮಗ ಪರಶರಾಮ ಗಡಿಗೆ ಬಡಿಯುತ್ತ ಕುಳಿತಿದ್ದವನು ಎದ್ದು ಬಂದು ಮಕ್ಕಳಿಗೂ ನಾಯಿಗೂ ನಡುವೆ ನಿಂತ. ಅವನ ಅಂಗೈಯನ್ನು ನಾಯಿ ಸೀಳಿತು; ಅವನು ಅದನ್ನು ಅಲ್ಲೇ ಬಡಿದು ಕೊಂದ. ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸಿನ, ತೋಳು ತುಂಬ ಕಸುವಿದ್ದ ಹುಡುಗ. ಅವನು ಅಡ್ಡ ಬಾರದಿದ್ದರೆ ಎಷ್ಟು ಮಕ್ಕಳಿಗೆ ಕಚ್ಚುತ್ತಿತ್ತೋ ಎಂದು ಆ ಸಂಜೆ ಊರೆಲ್ಲ ಅವನನ್ನು ಹೊಗಳಿತು.

ದವಾಖಾನೆಯ ಡಾಕ್ಟರರು ನಮ್ಮ ಮೂವರ ಗಾಯಗಳನ್ನೂ ಸಾಬೂನು ಹಚ್ಚಿ ಬಹಳ ಹೊತ್ತು ತೊಳೆದರು. ಆಮೇಲೆ ಗಾಜಿನ ಕಡ್ಡಿಯನ್ನು ಕಾರ್ಬಾಲಿಕ್ ಆ್ಯಸಿಡ್ಡಿನಲ್ಲಿ ಅದ್ದಿ ಗಾಯದೊಳಗೆ ಇಟ್ಟರು. ಚರ್ಮ ಬೆಳ್ಳಗಾಗಿ ಸುಟ್ಟಿತು. ಆ ವಾಸನೆ ಕೂದಲಿಗೆ, ಸೀರೆಗೆ ಹತ್ತಿ ಕೆಲವು ದಿನ ಉಳಿಯಿತು. ಡಾಕ್ಟರರು ನಾಯಿಯ ತಲೆ ತರಿಸಿ, ಮಿದುಳು ತೆಗೆದು, ಬಾಟಲಿಯಲ್ಲಿಟ್ಟು ಪರೀಕ್ಷೆಗೆಂದು ಮುಂಬಯಿಗೆ ಕಳಿಸಿದರು. ಪರೀಕ್ಷೆಯ ಉತ್ತರ ಬರುವ ತನಕ ಕಾಯಕೂಡದು, ನಾಳೆಯೇ ಮೂವರೂ ಬೆಳಗಾವಿಯ ಸರಕಾರಿ ದವಾಖಾನೆಗೆ ಹೋಗಬೇಕು, ಎರಡು ವಾರ ದಿನಕ್ಕೊಂದರಂತೆ ಹೊಟ್ಟೆಗೆ ಸೂಜಿ ಹಾಕಿಸಿಕೊಳ್ಳಬೇಕು ಎಂದರು.

ಮನೆಯಲ್ಲಿ ಅದೇ ಮಾತು. ದೇಸೂರಿನ ಹತ್ತಿರ ಒಬ್ಬ ಮುದುಕ ನಾಯಿ ಕಡಿದವರಿಗೆ ಬೆಲ್ಲದಲ್ಲಿ ಬೇರು ತೇಯ್ದು ಕೊಡುತ್ತಾನೆ, ನಮ್ಮ ಅಜ್ಜನ ಕಾಲದಿಂದ ಅದೇ ನಡೆದು ಬಂದಿದೆ ಎಂದು ಅಕ್ಕಪಕ್ಕದವರು ಹೇಳಿದರು. ನಾಯಿ ಕಡಿದರೆ ಹೊಟ್ಟೆಯಲ್ಲಿ ಮರಿ ಬೆಳೆಯುತ್ತವೆ ಎಂಬ ಮಾತೂ ಇತ್ತು. ಬಸುರಿಯ ಹೊಟ್ಟೆಯೊಳಗಿನ ಕೂಸು ಏನಾಗುತ್ತದೋ ಎಂದು ಒಬ್ಬಾಕೆ ನನ್ನೆದುರೇ ನಿಟ್ಟುಸಿರಿಟ್ಟಳು. ನಮ್ಮವರಿಗೆ ಡಾಕ್ಟರರ ಮೇಲೆ ನಂಬಿಕೆಯಿತ್ತು. ಅತ್ತೆಗೆ ಮಾತ್ರ ಬಸುರಿಯ ಹೊಟ್ಟೆಗೇ ಸೂಜಿ ಚುಚ್ಚುವ ಮಾತು ಗಂಟಲಲ್ಲಿ ಇಳಿಯಲಿಲ್ಲ. ಮಗನೊಂದಿಗೆ ವಾದಿಸಿ ಮುಗಿದ ಮೇಲೆ, ತಾವೇ ನನ್ನ ಜೊತೆ ಬೆಳಗಾವಿಗೆ ಬಂದು ಆ ಡಾಕ್ಟರನನ್ನು ಕೇಳುವುದಾಗಿ, ಅವನ ಮಾತು ಸರಿಯೆನಿಸದಿದ್ದರೆ ಅದೇ ಗಾಡಿಗೆ ನನ್ನನ್ನು ವಾಪಸು ಕರೆತರುವುದಾಗಿ ಹೇಳಿದರು. ಅವರು ಅಲ್ಲಿಯತನಕ ರೈಲು ಹತ್ತಿದವರಲ್ಲ.

ಬೆಳಗಾವಿಯ ಡಾಕ್ಟರರು ಧಾರವಾಡದ ಕಡೆಯವರು, ಮೂವತ್ತೈದರ ಆಸುಪಾಸಿನವರು. ಕಚ್ಚಿದ ಜಾಗ ನೋಡಿ, ನಾಯಿಯ ಚರ್ಯೆ ಕೇಳಿ, ಇದು ಹುಚ್ಚು ಹಿಡಿದ ನಾಯಿಯೇ ಎಂದು ತಿಳಿದೇ ನಡೆಯಬೇಕು ಎಂದರು. ಅತ್ತೆ ಎದ್ದು ನಿಂತು ಸೆರಗು ಬಿಗಿಮಾಡಿಕೊಂಡರು.

"ಬಸರಿ ಹೆಂಗಸಿನ ಹೊಟ್ಟಿಗಿ ಸೂಜಿ ಹಾಕತೀರಿ. ಕೂಸಿಗಿ ಏನರೆ ಆದ್ರ?"

ಡಾಕ್ಟರರು ಕೈಯಲ್ಲಿದ್ದುದನ್ನು ಕೆಳಗಿಟ್ಟರು.

"ಸೂಜಿ ಚರ್ಮದ ಬುಡಕಷ್ಟ ಹೋಗತೈತ್ರಿ ಅವ್ವಾರ, ಕೂಸಿನ ತನಕ ಮುಟ್ಟಂಗಿಲ್ಲ. ಆದ್ರ ಈ ಔಷಧದಿಂದ ಕೂಸಿಗಿ ಏನೂ ಆಗಂಗಿಲ್ಲಂತ ನಾ ಆಣಿ ಮಾಡಾಕ ಬರಂಗಿಲ್ಲ. ಬಸರಿ ಹೆಣ್ಣಮಕ್ಕಳಿಗಿ ಕೊಟ್ಟಾರ, ಚಲೋ ಆಗೇತಿ ಅಂತ ಓದೀನಿ. ಕಣ್ಣಲೆ ಕಂಡಿಲ್ಲ."

"ಹಾಕದಿದ್ರ?"

"ಹಾಕದಿದ್ರ ಏನಾಗತೈತಿ ಅನ್ನೂದನ್ನ ಕಣ್ಣಲೆ ಕಂಡೀನ್ರಿ. ಬ್ಯಾನಿ ಒಮ್ಮೆ ಸುರು ಆತಂದ್ರ ತಾಯೀನೂ ಉಳಿಯಂಗಿಲ್ಲ, ಕೂಸೂ ಉಳಿಯಂಗಿಲ್ಲ. ಅದಕ್ಕ ಯಾರ ಹಂತೇಕೂ ಔಷಧ ಇಲ್ಲ."

ಆ ಡಾಕ್ಟರರು ಓದುವಾಗ ಈ ಮದ್ದು ಉತ್ತರದ ಗುಡ್ಡಗಾಡಿನಲ್ಲಿ ಇಲ್ಲವೇ ನೀಲಗಿರಿಯ ಕಡೆ ಮಾತ್ರ ಸಿಗುತ್ತಿತ್ತಂತೆ. ಕಡಿಸಿಕೊಂಡವರನ್ನು ಅಷ್ಟು ದೂರ ರೈಲಿನಲ್ಲಿ ಕಳಿಸಬೇಕಾಗುತ್ತಿತ್ತು. ಬಡವರು ಹೋಗುತ್ತಿರಲಿಲ್ಲ, ಹೋದವರಲ್ಲಿ ಕೆಲವರು ತಡವಾಗಿ ಮುಟ್ಟುತ್ತಿದ್ದರು. ಈಗೀಗ ಸಂಶೋಧನೆ ಮಾಡುವವರು ರೋಗದ ವಿಷವನ್ನು ಕಾರ್ಬಾಲಿಕ್ಕಿನಲ್ಲಿ ಸಾಯಿಸಿ, ಕೆಲವು ವಾರ ಕೆಡದೆ ಉಳಿಯುವಂತೆ ಮಾಡಿದ್ದಾರೆ. ಅದು ಮುಂಬಯಿಯಿಂದ ಬಾಟಲಿಗಳಲ್ಲಿ ರೈಲಿನಲ್ಲಿ ಬರುತ್ತದೆ. ಮೊದಲು ರೋಗಿ ಮದ್ದಿದ್ದಲ್ಲಿಗೆ ಹೋಗಬೇಕಿತ್ತು, ಈಗ ಮದ್ದೇ ರೋಗಿ ಇದ್ದಲ್ಲಿಗೆ ಬಂದಿದೆ ಎಂದು ಅವರು ಹೇಳಿದರು. ಅಪರೂಪಕ್ಕೆ ಯಾರಿಗೋ ಈ ಮದ್ದಿನಿಂದಲೇ ಕೈಕಾಲು ಸೋತದ್ದುಂಟು ಎಂಬುದನ್ನೂ ಮುಚ್ಚಿಡಲಿಲ್ಲ.

ಅತ್ತೆ ಇನ್ನೊಂದು ಮಾತು ಕೇಳಿದರು: ಅದನ್ನು ಯಾತರಿಂದ ಮಾಡುತ್ತಾರೆ? ಅತ್ತೆಯ ಕೊರಳಲ್ಲಿದ್ದ ಲಿಂಗದ ಕಾಯಿ ಡಾಕ್ಟರರಿಗೆ ಕಾಣುತ್ತಿತ್ತು. ಆದರೂ, ಕುರಿಯ ಮಿದುಳಿನಿಂದ ಎಂದರು.

ನಮ್ಮ ಮನೆಯಲ್ಲಿ ಅಂಥ ಪದಾರ್ಥದ ಹೆಸರನ್ನೂ ಎತ್ತುತ್ತಿರಲಿಲ್ಲ. ಅತ್ತೆ ಲಿಂಗದ ಮೇಲೆ ಕೈಯಿಟ್ಟುಕೊಂಡು ಕಿಟಕಿಯ ಕಡೆ ನೋಡುತ್ತ ನಿಂತರು. ಈಗ ನನ್ನನ್ನು ವಾಪಸು ಕರೆದೊಯ್ಯುತ್ತಾರೆ ಎಂದುಕೊಂಡೆ. ನನಗೆ ಏನು ಬೇಕು ಎಂದು ಯಾರೂ ಕೇಳಿರಲಿಲ್ಲ. ಕೇಳಿದ್ದರೂ ಹೇಳುವ ಧೈರ್ಯ ನನಗಿರಲಿಲ್ಲ. ಆದರೆ ಬದುಕಬೇಕು ಎಂಬ ಆಸೆ ಅಷ್ಟು ಸ್ಪಷ್ಟವಾಗಿ ಅದೇ ಮೊದಲ ಸಲ ನನ್ನೊಳಗೆ ಎದ್ದಿತು.

"ಆ ಕುರಿ ಋಣ ನಾ ಹೊತಗೋತೀನಿ," ಎಂದರು ಅತ್ತೆ. "ಹಾಕ್ರಿ."

ಹೀಗೆ ಸುರುವಾಯಿತು. ಮುಂಜಾನೆಯ ಗಾಡಿಗೆ ನಾಲ್ವರೂ ಹೊರಡುತ್ತಿದ್ದೆವು: ನಾನು, ಅತ್ತೆ, ಖಾದರಸಾಬರು, ಪರಶರಾಮ. ದೇಸೂರು ದಾಟುವ ಹೊತ್ತಿಗೆ ಬಿಸಿಲು ಕಿಟಕಿಯಿಂದ ಒಳಗೆ ಬಂದು ತೊಡೆಯ ಮೇಲೆ ಕೂಡುತ್ತಿತ್ತು. ಹೊಲಗಳಲ್ಲಿ ಕೊಯ್ಲು ಮುಗಿದು ಕೂಳೆ ಉಳಿದಿತ್ತು. ಬೆಳಗಾವಿಯಲ್ಲಿ ಇಳಿದು ಟಾಂಗಾ ಹಿಡಿದರೆ ಖಾದರಸಾಬರಿಗೆ ಸುಮ್ಮನೆ ಕೂಡಲು ಆಗುತ್ತಿರಲಿಲ್ಲ. ಲಗಾಮು ಹಿಡಿದದ್ದು ಸರಿಯಿಲ್ಲ, ಕುದುರೆಯ ಲಾಳ ಸವೆದಿದೆ ಎಂದು ಟಾಂಗಾದವನಿಗೆ ದಾರಿಯುದ್ದಕ್ಕೂ ಹೇಳುತ್ತಿದ್ದರು. ಮೂರನೆಯ ದಿನದಿಂದ ಸ್ಟೇಶನ್ನಿನ ಟಾಂಗಾದವರು ನಮ್ಮನ್ನು ಕಂಡರೆ ಬೇರೆ ಕಡೆ ಮುಖ ತಿರುಗಿಸತೊಡಗಿದರು.

ಸೂಜಿ ಹಾಕಿಸಿಕೊಂಡ ಮೇಲೆ ಮಧ್ಯಾಹ್ನದ ಗಾಡಿಯತನಕ ಹೊತ್ತಿರುತ್ತಿತ್ತು. ಟಿಳಕವಾಡಿಯಲ್ಲಿ ಆಗ ಮನೆಗಳು ಅಲ್ಲೊಂದು ಇಲ್ಲೊಂದು ಏಳುತ್ತಿದ್ದವು. ಸ್ಟೇಶನ್ನಿಗೆ ಹತ್ತಿರದ ಒಂದು ಮಾವಿನ ಮರದ ಕೆಳಗೆ ಕುಳಿತು ಬುತ್ತಿ ಬಿಚ್ಚುತ್ತಿದ್ದೆವು. ಅತ್ತೆ ತಮ್ಮ ಬುತ್ತಿಯನ್ನು ಸ್ವಲ್ಪ ಈಚೆಗೆ ಸರಿಸಿಕೊಂಡು ಉಣ್ಣುತ್ತಿದ್ದರು. ಆದರೆ ಶೇಂಗಾ ಚಟ್ನಿಯನ್ನು ಮಾತ್ರ ಎಲೆಯ ಮೇಲೆ ಹಾಕಿ ಗಂಡಸರಿಬ್ಬರಿಗೂ ಕೊಡುತ್ತಿದ್ದರು. ಹೊಟ್ಟೆಯ ಮೇಲೆ ಸೂಜಿ ಹಾಕಿದ ಜಾಗ ಕೆಂಪಗೆ ಬಾತು ತುರಿಸುತ್ತಿತ್ತು. ದಿನ ಕಳೆದಂತೆ ಹೊಸ ಸೂಜಿಗೆ ಬಾವಿಲ್ಲದ ಜಾಗ ಹುಡುಕಬೇಕಾಗುತ್ತಿತ್ತು. ಹೊಟ್ಟೆಯೊಳಗೆ ಕೂಸು ಮಿಸುಕಿದಾಗಲೆಲ್ಲ ನಾನು ಅತ್ತೆಯ ಕೈ ತೆಗೆದು ಅಲ್ಲಿ ಇಟ್ಟುಕೊಳ್ಳುತ್ತಿದ್ದೆ. ಅವರು ಕೈಯನ್ನು ಹಾಗೇ ಬಿಡುತ್ತಿದ್ದರು.

ಪರಶರಾಮ ನನ್ನನ್ನು ಅತ್ತಿಗೆಯೆಂದು ಬಗೆದು ವೈನಿ ಎನ್ನುತ್ತಿದ್ದ, ಅತ್ತೆಯನ್ನು ಚಿಕ್ಕಮ್ಮನೆಂದು ಬಗೆದು ಮಾವಶಿ ಎನ್ನುತ್ತಿದ್ದ. ನಗಿಸುವ ಸ್ವಭಾವದವನು. ಆದರೆ ದಿನ ಹೋದಂತೆ ಮಂಕಾದ. ಸೂಜಿ ಹಾಕಿಸಿಕೊಳ್ಳುವ ದಿನಗಳಲ್ಲಿ ಮೈಮುರಿದು ದುಡಿಯಬಾರದು, ಸೆರೆ ಕುಡಿಯಬಾರದು ಎಂದು ಡಾಕ್ಟರರು ಹೇಳಿದ್ದರು. ಕುಂಬಾರರಿಗೆ ವರ್ಷದಲ್ಲಿ ಗಳಿಕೆಯಿರುವುದೇ ಬೇಸಿಗೆಯಲ್ಲಿ. ನೀರಿನ ಗಡಿಗೆಗೆ ಬೇಡಿಕೆ ಬಂದಿತ್ತು; ಅವನ ಮನೆಯಲ್ಲಿ ಮಣ್ಣು ತುಳಿಯುವವನು ಅವನೊಬ್ಬನೇ. ತಂದೆ ಇಲ್ಲ. ತಾಯಿ ಸಖೂಬಾಯಿ ಒಬ್ಬಳೇ ಎಷ್ಟು ಮಾಡಿಯಾಳು?

ಸುಮಾರು ಅರ್ಧ ಮುಗಿದಿತ್ತು. ಒಂದು ಮುಂಜಾನೆ ಗಾಡಿ ದೇಸೂರಿನಲ್ಲಿ ನಿಂತಾಗ ಪರಶರಾಮ ಎದ್ದು ತಲೆಗೆ ವಸ್ತ್ರ ಸುತ್ತಿಕೊಂಡ.

"ವೈನಿ, ನಾ ಇಲ್ಲೇ ಇಳೀತೀನಿ."

ಖಾದರಸಾಬರು ಅವನ ತೋಳು ಹಿಡಿದರು. ಅವನು ಬಿಡಿಸಿಕೊಳ್ಳಲಿಲ್ಲ, ನಿಂತೇ ಮಾತಾಡಿದ. ಮಳೆ ಬೀಳುವುದರೊಳಗೆ ಗಡಿಗೆ ತುಂಬಿದ ಎರಡು ಆವಿಗೆ ಸುಡಬೇಕು. ಮುದುಕನ ಬೇರು ಒಂದೇ ದಿನದಲ್ಲಿ ಮುಗಿಯುತ್ತದೆ. ಇಲ್ಲಿಯತನಕ ಹಾಕಿಸಿಕೊಂಡ ಸೂಜಿಯೂ ಹೊಟ್ಟೆಯಲ್ಲಿದೆ, ಅದರ ಮೇಲೆ ಬೇರೂ ಬಿದ್ದರೆ ಸಾಕಾಗುತ್ತದೆ. ನಾಯಿಗೆ ಹುಚ್ಚಿತ್ತೆಂದು ಮುಂಬಯಿಯಿಂದ ಉತ್ತರವೂ ಬಂದಿಲ್ಲವಲ್ಲ.

"ನಾನೂ ದರ್ಗಾದ ಬಾಬಾನ ಕಡೆ ನೀರ ಊದಿಸಿಕೊಂಡೀನಿ," ಎಂದರು ಖಾದರಸಾಬರು. "ಸೂಜೀನೂ ಹಾಕಿಸ್ಕೋತೀನಿ. ಎರಡೂ ಅಲ್ಲಾಂದ. ನೀ ಬೇರ ತಿನ್ನಪಾ, ಬ್ಯಾಡನ್ನಂಗಿಲ್ಲ. ತಿಂದು ನಾಳೆ ಮತ್ತ ಗಾಡಿ ಹತ್ತು."

ಅತ್ತೆಯೂ ಹೇಳಿದರು: "ಪರಶ್ಯಾ, ಇನ್ನೊಂದ ವಾರದ ಮಾತು. ಬಾ."

"ಬರ್ತೀನಿ ಮಾವಶಿ. ಆವಿಗಿ ಇಳಿಸಿ ಬರ್ತೀನಿ," ಎಂದು ಅವನು ಇಳಿದ. ಗಾಡಿ ಹೊರಟಾಗ ಪ್ಲಾಟ್‌ಫಾರ್ಮಿನ ಮೇಲೆ ನಿಂತು ಕೈಯೆತ್ತಿದ. ಗಾಯದ ಪಟ್ಟಿಯನ್ನು ಆಗಲೇ ಬಿಚ್ಚಿ ಹಾಕಿದ್ದ.

ಅವನು ಮತ್ತೆ ಬರಲಿಲ್ಲ. ನಮ್ಮವರು ಎರಡು ಸಲ ಕುಂಬಾರ ಗಲ್ಲಿಗೆ ಹೋಗಿ ಹೇಳಿದರು. ಡಾಕ್ಟರರು ಬೆಳಗಾವಿಯಿಂದ ಹೇಳಿ ಕಳಿಸಿದರು. ಸಖೂಬಾಯಿ ಮಗನ ಕಡೆ ನೋಡಿದಳಂತೆ. ಮಗ ಚಕ್ರದ ಕಡೆ ನೋಡಿದನಂತೆ. ಅವನನ್ನು ಬೈಯುವ ಮನಸ್ಸು ನನಗೆ ಆಗಲೂ ಬರಲಿಲ್ಲ, ಈಗಲೂ ಇಲ್ಲ. ಮೈಯಲ್ಲಿ ನೋವಿಲ್ಲ, ಜ್ವರವಿಲ್ಲ, ಗಾಯ ಮಾಯ್ದಿದೆ. ಹಾಗಿರುವಾಗ ಮುಂದೆಂದೋ ಬರಬಹುದಾದ ಬೇನೆಗಾಗಿ ಇಂದಿನ ದುಡಿಮೆ ಬಿಟ್ಟು ಕೂಡುವುದು ಯಾರಿಗಾದರೂ ಕಷ್ಟವೇ.

ನಮ್ಮ ಎರಡು ವಾರ ಮುಗಿದು ಸ್ವಲ್ಪ ದಿನಗಳಾದ ಮೇಲೆ ಮುಂಬಯಿಯಿಂದ ಉತ್ತರ ಬಂತು. ಬಿಸಿಲಿಗೆ ಮಿದುಳು ದಾರಿಯಲ್ಲೇ ಕೆಟ್ಟುಹೋಗಿತ್ತು. ನಾಯಿಗೆ ಹುಚ್ಚಿತ್ತೋ ಇಲ್ಲವೋ ಹೇಳಲು ಬರುವುದಿಲ್ಲ ಎಂದು ಅಲ್ಲಿಯವರು ತಿಳಿಸಿದ್ದರು. ಊರಲ್ಲಿ ನಗೆ ಎದ್ದಿತು. ಸುಮ್ಮನೆ ಬಸುರಿ ಹೆಂಗಸಿನ ಹೊಟ್ಟೆಯನ್ನು ಜರಡಿ ಮಾಡಿಸಿದರು, ಕುರಿಯ ಮಿದುಳು ಹಾಕಿಸಿ ಜಾತಿ ಕೆಡಿಸಿದರು ಎಂದು ಆಡಿಕೊಂಡರು. ಕುರಿಯ ವಿಷಯ ಹೊರಗೆ ಹೇಗೆ ಹೋಯಿತೋ ತಿಳಿಯದು. ನೆರೆಯ ಒಂದಿಬ್ಬರು ಅತ್ತೆಯ ಕೈಯಿಂದ ನೀರು ತೆಗೆದುಕೊಳ್ಳುವುದನ್ನು ಬಿಟ್ಟರು. ಅತ್ತೆ ಅದನ್ನು ನಮಗೆ ಹೇಳಲಿಲ್ಲ. ಅವರು ಬಾವಿಗೆ ಹೋಗುವ ಹೊತ್ತು ಬದಲಾಯಿಸಿದ್ದರಿಂದ ನನಗೆ ತಿಳಿಯಿತು.

ಪರಶರಾಮ ಮಾತ್ರ ನಗಲಿಲ್ಲ. ವೈಶಾಖದಲ್ಲಿ ಒಂದು ದಿನ ದಾರಿಯಲ್ಲಿ ಸಿಕ್ಕು, ಆವಿಗೆ ಚೆನ್ನಾಗಿ ಇಳಿಯಿತೆಂದು ಹೇಳಿ, ಅಂಗೈ ತೋರಿಸಿದ. ಗಾಯದ ಗೆರೆ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ನನಗೆ ಖುಷಿಯಾಯಿತು. ಆ ಖುಷಿಯ ಜೊತೆಗೆ, ಹಾಗಾದರೆ ನಮ್ಮದೆಲ್ಲ ವ್ಯರ್ಥವೇ ಎಂಬ ಸಣ್ಣ ಸಿಟ್ಟೂ ಬಂತು.

ಮಿರ್ಗದ ಮಳೆ, ಮುಂಗಾರಿನ ಮೊದಲ ಮಳೆ, ಹಿಡಿಯಿತು. ಖಾನಾಪುರದ ಮಳೆ ಸುರುವಾದರೆ ಹೊರಗಿನ ಸುದ್ದಿ ಮನೆಯೊಳಗೆ ಬರುವುದು ತಡ. ಒಂದು ಮಧ್ಯಾಹ್ನ ಖಾದರಸಾಬರು ನೆನೆಯುತ್ತ ಬಂದು ವಖಾರದ ಮಾಡಿನ ಕೆಳಗೆ ನಿಂತು ನಮ್ಮವರನ್ನು ಕರೆದರು. ಒಳಗಿದ್ದ ನನಗೆ ಅವರ ಮಾತು ಕೇಳುತ್ತಿತ್ತು. ಪರಶರಾಮನಿಗೆ ಮೂರು ದಿನದಿಂದ ಹಳೆಯ ಗಾಯ ಜುಮುಗುಡುತ್ತಿತ್ತಂತೆ. ಆ ದಿನ ಮುಂಜಾನೆ ತಾಯಿ ಚಹಾ ಕೊಟ್ಟರೆ ಕುಡಿಯಲಾಗಲಿಲ್ಲ. ನೀರಿನ ತಂಬಿಗೆ ಕಂಡರೆ ಗಂಟಲು ಸೆಟೆಯುತ್ತಿತ್ತು. ಗಾಳಿ ಬೀಸಿದರೂ ತಡೆಯಲಾಗುತ್ತಿರಲಿಲ್ಲ. ಖಾದರಸಾಬರು ಟಾಂಗಾದ ನಾಲ್ಕೂ ಬದಿಗೆ ಗೋಣಿ ಕಟ್ಟಿ ಅವನನ್ನು ಊರಿನ ದವಾಖಾನೆಗೆ ಒಯ್ದಿದ್ದರು. ಡಾಕ್ಟರರು ಒಂದು ಕತ್ತಲೆಯ ಕೋಣೆಯಲ್ಲಿ ಮಲಗಿಸಿ, ನಿದ್ದೆಯ ಮದ್ದು ಕೊಟ್ಟಿದ್ದಾರೆ, ಬೇರೇನೂ ಉಳಿದಿಲ್ಲ ಎಂದರು ಖಾದರಸಾಬರು. ಅವನಿಗೆ ನಡುನಡುವೆ ಪೂರ್ಣ ಎಚ್ಚರವಿರುತ್ತಿತ್ತಂತೆ. ಆಗ ಎಲ್ಲರನ್ನೂ ದೂರ ನಿಲ್ಲಲು ಹೇಳುತ್ತಿದ್ದ; ತನ್ನಿಂದ ಯಾರಿಗಾದರೂ ಅಪಾಯವಾದೀತು ಎಂದು ಅಂಜುತ್ತಿದ್ದ.

ಎರಡನೆಯ ದಿನ ಅವನು ಹೋದ.

ಊರು ಹೆದರಿತು. ಅವನ ಚಾಪೆ, ಬಟ್ಟೆ ಸುಟ್ಟರು. ಅವನು ಮಾಡಿದ ಗಡಿಗೆಗಳನ್ನೂ ಕೆಲವರು ಒಡೆದರು. ಹೆಣ ಹೊರಲು ಜನ ಕಡಿಮೆ ಬಿದ್ದಾಗ ನಮ್ಮವರೂ ಖಾದರಸಾಬರೂ ಹೆಗಲು ಕೊಟ್ಟರು. ಸಖೂಬಾಯಿಯ ಮನೆಯತ್ತ ಜನ ಹೋಗುವುದನ್ನು ಬಿಟ್ಟರು. ಹೊಳೆಯ ದಾರಿಯಲ್ಲಿ ಅವಳು ಎದುರಾದರೆ ಮಕ್ಕಳನ್ನು ಎಳೆದುಕೊಳ್ಳುತ್ತಿದ್ದರು. ನಾಯಿಯಿಂದ ಯಾರ ಮಕ್ಕಳನ್ನು ಅವನು ಕಾಪಾಡಿದ್ದನೋ ಆ ಮಕ್ಕಳನ್ನೇ.

ಮುಂಬಯಿಯಿಂದ ಬಾರದ ಉತ್ತರ ಹೀಗೆ ಬಂತು. ನಾಯಿಗೆ ಹುಚ್ಚಿತ್ತು. ಇನ್ನು ನನ್ನ ಗತಿ ಏನು?

ಅದು ನನ್ನ ಜೀವನದ ಅತಿ ಉದ್ದದ ಮಳೆಗಾಲ. ದಿನ ತುಂಬುತ್ತ ಬಂದಿತ್ತು. ಮಣಿಕಟ್ಟಿನಲ್ಲಿ ಸಣ್ಣಗೆ ತುರಿಸಿದರೂ ದೀಪದ ಹತ್ತಿರ ಹೋಗಿ ಗಾಯದ ಕಲೆ ನೋಡಿಕೊಳ್ಳುತ್ತಿದ್ದೆ. ಗಂಟಲು ಒಣಗಿದರೆ ಅದು ಬಾಯಾರಿಕೆಯೋ ಬೇನೆಯೋ ಎಂದು ತಿಳಿಯದೆ ನೀರಿನ ಗಡಿಗೆಯ ಮುಂದೆ ಹೋಗಿ ನಿಲ್ಲುತ್ತಿದ್ದೆ. ನೀರು ನೋಡುವೆ, ಬೆರಳು ಅದ್ದುವೆ, ಆಮೇಲೆ ಕುಡಿಯುವೆ. ಪ್ರತಿ ಮುಂಜಾನೆ ಅತ್ತೆ ಒಂದು ಲೋಟ ನೀರು ತಂದು ಕೈಗೆ ಕೊಟ್ಟು, ನಾನು ಕುಡಿದು ಮುಗಿಸುವವರೆಗೆ ಎದುರಿಗೇ ನಿಲ್ಲುತ್ತಿದ್ದರು. ಖಾಲಿ ಲೋಟ ಇಸಿದುಕೊಂಡು ಒಲೆಯ ಮುಂದೆ ಹೋಗುತ್ತಿದ್ದರು.

ನಾನು ತಡೆಯಲಾರದೆ ನಮ್ಮವರೊಂದಿಗೆ ಮತ್ತೊಮ್ಮೆ ಬೆಳಗಾವಿಗೆ ಹೋದೆ. ಡಾಕ್ಟರರು ಪರಶರಾಮನ ಸುದ್ದಿ ಕೇಳಿದ್ದರು. ಖಾನಾಪುರಕ್ಕೆ ಬಂದು ಅವನನ್ನು ತಾವೇ ಹಿಡಿದು ತರಬೇಕಿತ್ತು ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

"ಪೂರಾ ಸೂಜಿ ಹಾಕಿಸಿಕೊಂಡವರು ಬಾಳ ಮಂದಿ ಉಳೀತಾರ. ಎಲ್ಲಾರೂ ಉಳೀತಾರಂತ ಹೇಳಿದ್ರ ಅದು ಸುಳ್ಳಾಗತೈತವ್ವಾ. ದಿನಾ ಹೋದಂಗ ಹೋದಂಗ ಅಂಜಿಕಿ ಕಡಿಮಿ ಆಗತೈತಿ. ಕಾಯಬೇಕು."

ನಾನು ಮುಟ್ಟಿದರೆ, ನನ್ನ ಕೈಯಿಂದ ಉಂಡರೆ ಮನೆಯವರಿಗೆ ಅಂಟುತ್ತದೆಯೇ ಎಂದು ಕೇಳಿದೆ. ಇಲ್ಲ ಎಂದರು. ಬೇನೆ ಬಿದ್ದವರ ಜೊಲ್ಲು ಗಾಯಕ್ಕೆ ತಾಗಬಾರದು, ಅಷ್ಟೆ. ಮುಟ್ಟಿದರೆ, ಒಂದೇ ಮನೆಯಲ್ಲಿದ್ದರೆ ಬರುವುದಿಲ್ಲ. ಪರಶರಾಮನ ತಾಯಿಯನ್ನು ಊರವರು ದೂರ ಇಟ್ಟಿದ್ದಾರೆಂದು ನಮ್ಮವರು ಹೇಳಿದಾಗ ಡಾಕ್ಟರರಿಗೆ ಸಿಟ್ಟು ಬಂತು. ಖಾನಾಪುರಕ್ಕೆ ಹೋಗಿ ಇದನ್ನು ನಾಲ್ಕು ಮಂದಿಗೆ ಹೇಳಿ ಎಂದರು. ನಮ್ಮವರು ಹೇಳಿದರು. ಕೇಳಿದವರು ತಲೆಯಾಡಿಸಿ ತಮ್ಮ ದಾರಿ ಹಿಡಿದರು.

ಶ್ರಾವಣದಲ್ಲಿ ನನಗೆ ಹೆರಿಗೆಯಾಯಿತು. ಹೊರಗೆ ಮಳೆ ಒಂದೇ ಸಮ ಹುಯ್ಯುತ್ತಿತ್ತು. ಕೂಸು ಹುಟ್ಟಿದ ಕೂಡಲೇ ಅಳಲಿಲ್ಲ. ಸೂಲಗಿತ್ತಿ ಕಾಲು ಹಿಡಿದು ಬೆನ್ನಿಗೆ ತಟ್ಟಿದಳು. ಪಡಸಾಲೆಯಲ್ಲಿ ನೆರೆಯವರು ಕಿವಿಗೊಟ್ಟು ನಿಂತಿದ್ದರೆಂದು ಆಮೇಲೆ ಕೇಳಿದೆ. ನಾಯಿಮರಿಯ ದನಿ ಬರುವುದೋ ಏನೋ ಎಂದು. ಕೂಸು ಅತ್ತಿತು. ಎಲ್ಲ ಕೂಸುಗಳು ಅಳುವಂತೆಯೇ ಅತ್ತಿತು. ಹೆಣ್ಣುಕೂಸು, ಕೈಕಾಲು ನೆಟ್ಟಗಿದ್ದವು, ತಲೆ ತುಂಬ ಕೂದಲಿತ್ತು. ಅತ್ತೆ ಅದನ್ನು ದೀಪದ ಬೆಳಕಿಗೆ ಹಿಡಿದು ಬೆರಳುಗಳನ್ನೆಲ್ಲ ಬಿಡಿಸಿ ನೋಡಿ, ಆಮೇಲೆ ಗೋಡೆಗೆ ಒರಗಿ ಕೆಳಗೆ ಕುಳಿತುಬಿಟ್ಟರು. ಖಾದರಸಾಬರು ಮರುದಿನ ಖರ್ಜೂರ ಕಳಿಸಿದರು. ಅವರು ಆಮೇಲೆ ಬಹಳ ವರ್ಷ ಬದುಕಿದರು. ಕುದುರೆಗೆ ವಯಸ್ಸಾದ ಮೇಲೂ ಸ್ಟೇಶನ್ನಿನ ಮುಂದೆ ಬಂದು ಕೂಡುತ್ತಿದ್ದರು. ಯಾರಿಗೆ ನಾಯಿ ಕಡಿದರೂ ತಮ್ಮ ಮೀನಖಂಡ ತೋರಿಸಿ ಬೆಳಗಾವಿಯ ಗಾಡಿ ಹತ್ತಿಸುತ್ತಿದ್ದರು.

ಕೂಸಿಗೆ ತಿಂಗಳು ತುಂಬಿದ ಮೇಲೆ, ಮಳೆ ಸ್ವಲ್ಪ ಹೊಳವಾಗಿದ್ದ ಒಂದು ಮುಂಜಾನೆ ಸಖೂಬಾಯಿ ಬಂದಳು. ಹೊಸ್ತಿಲ ಹೊರಗೇ ನಿಂತಳು. ಎರಡು ಮೂರು ತಿಂಗಳಲ್ಲಿ ಮುದುಕಿಯಾಗಿದ್ದಳು. ಕೂಸನ್ನು ನೋಡಿ ಹೋಗುತ್ತೇನೆ, ಒಳಗೆ ಬರುವುದಿಲ್ಲ ಎಂದಳು. ನಾನು ಏಳುವುದರೊಳಗೆ ಅತ್ತೆ ತೊಟ್ಟಿಲಿಂದ ಕೂಸನ್ನು ಎತ್ತಿದ್ದರು.

"ಒಳಗ ಬಾ ಸಖೂ. ಕುಂದರು."

"ಅಕ್ಕಾ, ಮಂದಿ ನೋಡಿದ್ರ..."

"ಮಂದಿ ನನ್ನ ಕೈಯಾನ ನೀರೂ ಕುಡಿಯಂಗಿಲ್ಲ. ಬಾ."

ಅವಳು ಗೋಡೆಯ ಬದಿಗೆ ಕುಳಿತಳು. ಅತ್ತೆ ಕೂಸನ್ನು ಅವಳ ಮಡಿಲಲ್ಲಿಟ್ಟು ಒಲೆಯ ಮುಂದೆ ಹೋದರು. ಸಖೂಬಾಯಿ ಮೊದಲು ಕೈ ಮುಟ್ಟಿಸಲೇ ಇಲ್ಲ. ಕೂಸು ಕಾಲು ಒದ್ದಾಗ ಮಣ್ಣಿನ ಕೆಲಸದಿಂದ ಒಡೆದ ಬೆರಳಿನಿಂದ ಅಂಗಾಲು ಸವರಿದಳು. ತನ್ನಷ್ಟಕ್ಕೆ ಮರಾಠಿಯಲ್ಲಿ ಏನೋ ಅಂದಳು. ಆಮೇಲೆ ತಲೆಯೆತ್ತಿ ನನಗೆ ಕನ್ನಡದಲ್ಲಿ ಕೇಳಿದಳು:

"ಗಂಗವ್ವಾ, ಒಂದ ಮಾತ ಖರೇ ಹೇಳ. ಆ ಸೂಜಿ ಬಾಳ ತ್ರಾಸ ಕೊಡತಿತ್ತೇನು?"

ಅವಳು ಏನು ತಿಳಿಯಲು ಬಂದಿದ್ದಳೆಂದು ನನಗೆ ಅರ್ಥವಾಯಿತು. ಸೂಜಿ ಹಾಕುವಾಗ ಆಗುತ್ತಿದ್ದುದು ಮುಳ್ಳು ಚುಚ್ಚಿದಷ್ಟೇ ನೋವು. ಆಮೇಲೆ ಬಾವು, ತುರಿಕೆ. ಒಲೆ ಊದುತ್ತಿದ್ದ ಅತ್ತೆ ತಿರುಗಿ ನೋಡದೆ ಹೇಳಿದರು:

"ಹೇಳಬಾರದಷ್ಟು ಸಖೂ. ದಿನಾ ಅಳತಿದ್ಲು. ನಾ ಕೈ ಒತ್ತಿ ಹಿಡಿದ ಕುಂದ್ರತಿದ್ನಿ. ದೊಡ್ಡ ದೊಡ್ಡ ಗಂಡಸರ ಓಡಿ ಹೋಗ್ಯಾರಂತ ಅಲ್ಲಿಂದ."

ನಾನು ಒಂದು ದಿನವೂ ಅತ್ತಿರಲಿಲ್ಲ. ಹೌದೆಂದು ತಲೆಯಾಡಿಸಿದೆ.

ಸಖೂಬಾಯಿ ನಿಧಾನವಾಗಿ ಉಸಿರು ಬಿಟ್ಟಳು. "ಹಂಗಾದ್ರ ಅವಗ ತಡೀತಿದ್ದಿಲ್ಲ," ಎಂದಳು. "ಸಣ್ಣಾವಿದ್ದಾಗ ಕಾಲಾನ ಮುಳ್ಳ ತಗೀಗೊಡತಿದ್ದಿಲ್ಲ."

ಅತ್ತೆ ಚಹಾ ತಂದು ಅವಳ ಮುಂದಿಟ್ಟರು. ಕೂಸು ಅಷ್ಟರಲ್ಲಿ ಅವಳ ಮಡಿಲಲ್ಲೇ ನಿದ್ದೆ ಹೋಗಿತ್ತು. ಅದು ಏಳುವವರೆಗೆ ಸಖೂಬಾಯಿ ಅಲ್ಲಾಡದೆ ಕುಳಿತಿದ್ದಳು. ಅದನ್ನು ತೆಗೆದುಕೊಳ್ಳಲು ನಾವಿಬ್ಬರೂ ಹೋಗಲಿಲ್ಲ.